ದೀಪಾವಳಿ ರಜೆಗೆ ಚಂಡಮಾರುತ ಬರುತ್ತಾ? ಮುನ್ಸೂಚನೆ ದಿನಾ ಬದಲಾಗ್ತಿದೆ, ಶಿರಸಿಯಿಂದ ಕಾರವಾರಕ್ಕೆ ಹೋಗಬಹುದಾ?

ಈಗಲೇ ರೂಮ್ ಕ್ಯಾನ್ಸಲ್ ಮಾಡಬೇಡಿ. ಸಮುದ್ರದ ಮೇಲೆ ವಾಯುಭಾರ ಕುಸಿತ ಸರಿಯಾಗಿ ರೂಪುಗೊಳ್ಳುವ ತನಕ ಅದರ ಕೇಂದ್ರ ಎಲ್ಲಿ ಅಂತಲೇ ಗಟ್ಟಿಯಾಗಿ ಹೇಳೋಕೆ ಆಗಲ್ಲ, ಶುರುವಿನಲ್ಲಿ ಸ್ವಲ್ಪ ಆಚೀಚೆ ಆದರೂ ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಲೆಕ್ಕ ಹಾಕಿದ ದಾರಿ ನೂರಾರು ಕಿಲೋಮೀಟರ್ ಸರಿದಿರುತ್ತೆ. ಅದಕ್ಕೇ ಆ್ಯಪ್ ಇವತ್ತೊಂದು ನಾಳೆಯೊಂದು ಹೇಳೋದು.

2019ರ ಕ್ಯಾರ್ ಚಂಡಮಾರುತ ನೆನಪಿದೆ ಅಲ್ವಾ? ದೀಪಾವಳಿ ಹೊತ್ತಿಗೇ ಸೂಪರ್ ಸೈಕ್ಲೋನ್ ಆಯ್ತು. ಆದರೆ ನಮ್ಮ ತೀರಕ್ಕೆ ಬಡಿಯದೆ ಒಮಾನ್ ದಿಕ್ಕಿಗೆ ಹೋಗಿ ಸಮುದ್ರದಲ್ಲೇ ಕರಗಿತು. ಹಾಗಂತ ಕರಾವಳಿ ಸುಮ್ನೆ ಪಾರಾಗಲಿಲ್ಲ: ಜೋರು ಮಳೆ, ಎತ್ತರದ ಅಲೆ, ಹೊರರಾಜ್ಯದ ಬೋಟುಗಳೂ ಕಾರವಾರ ಬಂದರಿಗೆ ಓಡಿ ಬಂದು ಲಂಗರು ಹಾಕಿದ್ದವು. ಚಂಡಮಾರುತ ದೂರ ಹೋದರೂ ಮಳೆ ತಪ್ಪಲ್ಲ, ಇದನ್ನ ಜನ ಜಾಸ್ತಿ ಮರೀತಾರೆ.

ಹೊರಡೋಕೆ ಎರಡು ದಿನ ಇರುವಾಗ ಹವಾಮಾನ ಇಲಾಖೆಯ ಜಿಲ್ಲಾವಾರು ಎಚ್ಚರಿಕೆ ನೋಡಿ. ಚಂಡಮಾರುತ ಆದ ಮೇಲೆ 3 ಗಂಟೆಗೊಮ್ಮೆ ಬುಲೆಟಿನ್ ಬರುತ್ತೆ. ಹಳದಿ ಇದ್ದರೆ ಹಗಲಲ್ಲೇ ಘಟ್ಟ ಇಳಿಯಿರಿ. ಕಿತ್ತಳೆ, ಕೆಂಪು ಇದ್ದರೆ ದಯವಿಟ್ಟು ಮುಂದೂಡಿ, ದೇವಿಮನೆ ಘಟ್ಟದಲ್ಲಿ ಮಣ್ಣು ಕುಸಿದರೆ ಮಕ್ಕಳು, ವಯಸ್ಸಾದವರ ಜೊತೆ ರಸ್ತೆಯಲ್ಲೇ ಕೂರಬೇಕಾಗುತ್ತೆ. ಮೀನುಗಾರರಿಗೆ ಕಡಲಿಗೆ ಇಳಿಯಬೇಡಿ ಅಂದಿದ್ದರೆ ಟ್ಯಾಗೋರ್ ಬೀಚಲ್ಲಿ ನೀವೂ ನೀರಿಗಿಳಿಯಬೇಡಿ, ಮೇಲೆ ಬಿಸಿಲಿದ್ದರೂ ಸರಿ.