ಲೈನ್ ಹಿಂದೆ ನೆಟ್ಟಗಾಗಲಿ, ಆಮೇಲೆ ಬೀಸಿ

ಪ್ರಶ್ನೆ: ಸರ್, ಇಷ್ಟು ವರ್ಷ ಬಿದಿರು ಕೋಲಿಗೆ ಬೆಂಡು ಕಟ್ಟಿ, ಎರೆಹುಳು ಚುಚ್ಚಿ ಗಾಳ ಹಾಕುತ್ತಿದ್ದೆ. ಈಗ ಆರನೇ ನಂಬರಿನ ಫ್ಲೈ ರಾಡ್, ಅಂದರೆ ಪುಕ್ಕದ ಹುಸಿ ಹುಳು (ಫ್ಲೈ) ಬೀಸುವ ಗಾಳದ ಕೋಲು ತಗೊಂಡಿದ್ದೇನೆ. ಮಾರಿಕಣಿವೆ ಹಿನ್ನೀರಿನಲ್ಲಿ ಎಷ್ಟು ಜೋರಾಗಿ ಬೀಸಿದರೂ ಲೈನ್ ಕಾಲ ಬುಡದಲ್ಲೇ ಗುಡ್ಡೆಯಾಗಿ ಬೀಳುತ್ತೆ. ಗಾಳಿ ಬೇರೆ. ಕೊರಮೀನಿಗೆ ಯಾವ ಫ್ಲೈ ಕಟ್ಟಬೇಕು ಅಂತಲೂ ತಿಳಿಸಿ.
– ಓದುಗರು, ಹಿರಿಯೂರು

ಉತ್ತರ: 'ಎಷ್ಟು ಜೋರಾಗಿ ಬೀಸಿದರೂ' ಅಂದಿದ್ದೀರಲ್ಲ, ತೊಂದರೆ ಇರುವುದು ಅಲ್ಲೇ. ನಿಮ್ಮ ಹಳೇ ಗಾಳದಲ್ಲಿ ಸೀಸದ ಗುಂಡಿನ ಭಾರ ದಾರವನ್ನು ಎಳೆದುಕೊಂಡು ಹೋಗುತ್ತಿತ್ತು. ಫ್ಲೈಗೆ ಭಾರವೇ ಇಲ್ಲ, ಕೊಕ್ಕೆಗೆ ಸುತ್ತಿದ ಒಂಚೂರು ಪುಕ್ಕ, ನೂಲು ಅಷ್ಟೇ. ಇಲ್ಲಿ ಭಾರ ಇರುವುದು ಲೈನಿನಲ್ಲಿ. ಅದು ನಿಮ್ಮ ಬೆನ್ನ ಹಿಂದೆ ಪೂರ್ತಿ ನೆಟ್ಟಗಾದ ಮೇಲೆ ಮುಂದಕ್ಕೆ ಬೀಸಿದರೆ ರಾಡ್ ಚೆನ್ನಾಗಿ ಬಾಗುತ್ತೆ. ಬಾಗಿದ ರಾಡೇ ಲೈನನ್ನು ದೂಡುತ್ತೆ, ನಿಮ್ಮ ತೋಳಲ್ಲ.

ಹಿಂದಕ್ಕೆ ಎತ್ತಿ, ರಾಡ್ ತಲೆಯಿಂದ ಸ್ವಲ್ಪ ಹಿಂದೆ ಹೋದ ಕೂಡಲೇ ಗಟ್ಟಿಯಾಗಿ ನಿಲ್ಲಿಸಿ. ಮಣಿಕಟ್ಟು ಸಡಿಲ ಬಿಡಬೇಡಿ. ಕತ್ತು ತಿರುಗಿಸಿ ಲೈನ್ ನೋಡಿ. ಅದರ ಮಡಿಕೆ ಬಿಚ್ಚಿಕೊಳ್ಳುತ್ತಾ ಹೋಗಿ ತುದಿ ನೆಟ್ಟಗಾದಾಗ ಮುಂದಕ್ಕೆ ತನ್ನಿ. ಹಿಂದೆ 'ಚಟ್' ಅಂತ ಚಾಟಿ ಸದ್ದು ಬಂದರೆ ಅವಸರ ಮಾಡಿದಿರಿ ಅಂತ ಲೆಕ್ಕ. ಎಷ್ಟೋ ಸಲ ಫ್ಲೈ ಕಿತ್ತು ಹೋಗುವುದೂ ಆ ಸದ್ದಿನ ಜೊತೆಗೇ.

ಇದನ್ನು ನೀರಿನ ಹತ್ತಿರ ಕಲಿಯಬೇಡಿ. ಮೀನು ಕಂಡರೆ ಮನಸ್ಸು ಅಲ್ಲೇ ಹೋಗುತ್ತೆ. ನಾನು ಕಲಿತದ್ದು ದಾವಣಗೆರೆ ಹೈಸ್ಕೂಲ್ ಮೈದಾನದಲ್ಲಿ, ವಾಕಿಂಗಿನವರು ಬರುವ ಮುಂಚೆ. ಕೊಕ್ಕೆ ಬದಲು ಉಲ್ಲನ್ ದಾರ ಕಟ್ಟುತ್ತಿದ್ದೆ. ಈಗಲೂ ಹಾಗೇ ಕೈ ಪಳಗಿಸಿಕೊಳ್ಳುತ್ತೇನೆ.

ಇನ್ನು ಗಾಳಿ. ಚಿತ್ರದುರ್ಗದ ಗುಡ್ಡಗಳ ಮೇಲೆ ಅಷ್ಟೊಂದು ಗಾಳಿಯಂತ್ರ ಸುಮ್ನೆ ನಿಲ್ಲಿಸಿಲ್ಲ. ಆಷಾಢದಲ್ಲಿ ಬೆಳಕು ಹರಿಯುವ ಹೊತ್ತಿಗೆ ಹೋಗಿ, ಗಾಳಿ ಏಳುವ ಮುಂಚೆ ಮುಗಿಸಿ. ಬಲಗೈಯವರಾದರೆ ಗಾಳಿ ಎಡಗಡೆಯಿಂದ ಬೀಸುವ ಹಾಗೆ ನಿಲ್ಲಿ. ಗಾಳಿ ಬಲಗಡೆಯಿಂದ ಬಂದರೆ ಕೊಕ್ಕೆ ನೇರ ನಿಮ್ಮ ಮುಖಕ್ಕೇ ಬರುತ್ತೆ. ಟೋಪಿ, ಕನ್ನಡಕ ಇಲ್ಲದೆ ಹೋಗಲೇಬೇಡಿ.

ಕೊರಮೀನಿಗೆ ತೇಲುವ ಕಪ್ಪೆ ಫ್ಲೈ ಸಾಕು. ಜೊಂಡಿಗೆ ಸಿಕ್ಕಿಕೊಳ್ಳದಂತೆ ಕೊಕ್ಕೆಗೆ ಅಡ್ಡ ದಾರ ಇರಲಿ. ಈ ಮೀನಿನ ಹಲ್ಲು ಚೂಪು, ಹಾಗಾಗಿ ತುದಿಯ ದಾರ ದಪ್ಪ ಇರಬೇಕು. ಆದರೆ ಫ್ಲೈಗಿಂತ ಜಾಸ್ತಿ ಮುಖ್ಯ, ನೀರು ನೋಡುವುದು. ಕೊರಮೀನು ಉಸಿರಿಗೆ ಮೇಲೆ ಬರಲೇಬೇಕು. 'ಗುಳುಕ್' ಅಂದು ಉಂಗುರ ಎದ್ದ ಕಡೆ, ಸ್ವಲ್ಪ ಆಚೆಗೆ ಹಾಕಿ ನಿಧಾನಕ್ಕೆ ಎಳೆದುಕೊಳ್ಳಿ. ಬಾಯಿ ಹಾಕಿದ ತಕ್ಷಣ ಕಿತ್ತುಬಿಡಬೇಡಿ. ಕೈಗೆ ಭಾರ ಸಿಗಲಿ.

ಒಂದು ಬೇಡಿಕೆ ಇದೆ. ಮಳೆಗಾಲದಲ್ಲಿ ದಡದ ಹತ್ತಿರ ಕೊರಮೀನಿನ ಕೆಂಪು ಮರಿಗಳ ಗುಂಪು ನೀರ ಮೇಲೆ ಕುದಿಯುವ ಹಾಗೆ ಕಾಣುತ್ತೆ. ಕೆಳಗೆ ತಾಯಿ ತಂದೆ ಕಾವಲಿರುತ್ತವೆ. ಮರಿ ಉಳಿಸಿಕೊಳ್ಳೋಕೆ ಯಾವ ಫ್ಲೈಗಾದರೂ ನುಗ್ಗುತ್ತವೆ. ದಯವಿಟ್ಟು ಅಲ್ಲಿ ಹಾಕಬೇಡಿ. ದೊಡ್ಡ ಮೀನು ಹೋದರೆ ಮರಿಗಳು ಬೇರೆ ಮೀನುಗಳ ಪಾಲು. ಅಲ್ಲಿಂದ ಮುಂದೆ ನಡೆದು, ಇನ್ನೊಂದು ಉಂಗುರ ಹುಡುಕಿ.