ಹೊಸ ಸೌದೆ ಒಲೆಯನ್ನು ಮೊದಲ ದಿನವೇ ಜೋರಾಗಿ ಉರಿಸಬಹುದೇ?

ಉರಿಸಬಾರದು. ಕಬ್ಬಿಣದ ಒಲೆಗೆ ಬಳಿದಿರುವ ಶಾಖನಿರೋಧಕ ಬಣ್ಣವು ಕಾದ ಮೇಲಷ್ಟೇ ಪೂರ್ತಿ ಗಟ್ಟಿಯಾಗುತ್ತದೆ. ಎರಕದ ಕಬ್ಬಿಣವಾಗಲಿ ಒಳಗಿನ ಇಟ್ಟಿಗೆಯಾಗಲಿ ಒಮ್ಮೆಲೇ ಕಾದರೆ ಬಿರುಕು ಬಿಡಬಹುದು. ಆದ್ದರಿಂದ ಮೊದಲ ಎರಡು ಮೂರು ಸಲ ಪುಳ್ಳೆಗಳ ಸಣ್ಣ ಬೆಂಕಿಯನ್ನಷ್ಟೇ ಮಾಡಿ, ಪ್ರತಿ ಸಲವೂ ಒಲೆ ತಣಿಯುವವರೆಗೆ ಕಾಯಬೇಕು. ಆಗ ಬಣ್ಣದ ಘಾಟು ಬರುವುದು ಸಹಜ, ಕಿಟಕಿ ತೆರೆದಿಡಿ.

ಒಲೆಯನ್ನು ದೂರುವವರಲ್ಲಿ ಹೆಚ್ಚಿನವರು ನಿಜಕ್ಕೂ ದೂರಬೇಕಾದದ್ದು ಸೌದೆಯನ್ನು. ಹಸಿ ಸೌದೆಯ ಶಾಖದಲ್ಲಿ ಸಾಕಷ್ಟು ಪಾಲು ಅದರೊಳಗಿನ ನೀರನ್ನು ಆವಿಯಾಗಿಸುವುದರಲ್ಲೇ ವ್ಯಯವಾಗುತ್ತದೆ, ತಣ್ಣಗಿನ ಹೊಗೆಯು ಕೊಳವೆಯ ಒಳಗೋಡೆಗೆ ಟಾರಿನಂತೆ ಅಂಟಿಕೊಳ್ಳುತ್ತದೆ, ಮುಂದೊಂದು ದಿನ ಆ ಅಂಟಿಗೇ ಬೆಂಕಿ ಹತ್ತಿಕೊಳ್ಳಬಹುದು. ತೇವಾಂಶ ಶೇಕಡಾ 20ಕ್ಕಿಂತ ಕಡಿಮೆಯಿರಬೇಕು. ಮಾಪಕವಿಲ್ಲದಿದ್ದರೆ ಎರಡು ಸೀಳುಗಳನ್ನು ಒಂದಕ್ಕೊಂದು ಬಡಿದು ನೋಡಿ: ಒಣಗಿದ್ದರೆ ಟಣ್ ಎನ್ನುತ್ತವೆ, ಹಸಿಯಿದ್ದರೆ ಮಂಕಾಗಿ ದಬ್ ಎನ್ನುತ್ತವೆ.

ಹೊತ್ತಿಸುವಾಗ ಗಾಳಿಕಿಂಡಿಯನ್ನು ಪೂರ್ತಿ ತೆರೆದು, ದಪ್ಪ ಸೀಳುಗಳನ್ನು ಕೆಳಗಿಟ್ಟು, ಅವುಗಳ ಮೇಲೆ ಪುಳ್ಳೆಗಳನ್ನು ಅಡ್ಡಡ್ಡ ಜೋಡಿಸಿ ಮೇಲಿನಿಂದಲೇ ಕಿಡಿ ತಾಗಿಸಿ. ನಮ್ಮ ರೂಢಿಗೆ ಇದು ತಲೆಕೆಳಗೆಂದು ತೋರಿದರೂ ಕೊಳವೆ ಬೇಗ ಬಿಸಿಯಾಗಿ ಹೊಗೆಯನ್ನು ಮೇಲಕ್ಕೆಳೆಯುತ್ತದೆ. ಉರಿ ಸ್ಥಿರವಾದ ಮೇಲೆ ಕಿಂಡಿಯನ್ನು ಸ್ವಲ್ಪ ಸ್ವಲ್ಪವಾಗಿ ಕಿರಿದುಮಾಡಿ. ರಾತ್ರಿಯೆಲ್ಲ ಕೆಂಡ ಉಳಿಯಲೆಂದು ಪೂರ್ತಿ ಮುಚ್ಚುವುದು ಕೆಟ್ಟ ಅಭ್ಯಾಸ.

ಕೋಣೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಎಚ್ಚರಿಕೆ ಗಂಟೆಯನ್ನು ಅಳವಡಿಸಲೇಬೇಕು, ಏಕೆಂದರೆ ಆ ಅನಿಲಕ್ಕೆ ವಾಸನೆಯಿಲ್ಲ. ಬೂದಿಯಡಿಯ ಕೆಂಡ ದಿನಗಟ್ಟಲೆ ಜೀವಂತವಾಗಿರಬಲ್ಲದು. ಬೂದಿಯನ್ನು ಮುಚ್ಚಳವಿರುವ ಲೋಹದ ಡಬ್ಬಿಗೆ ತುಂಬಿ ಮನೆಯ ಹೊರಗಿಡಿ.