ಓದುಗರ ಪ್ರಶ್ನೆ: ಅಮೆರಿಕದ ಸೋಪ್ ಸೀರಿಯಲ್‌ಗಳ ಕಥೆ ಹೆಣೆಯುವುದು ಹೇಗೆ?

ಅಮೆರಿಕದ ಟಿವಿಯಲ್ಲಿ ಹಗಲು ಹೊತ್ತು ಬರುವ ಧಾರಾವಾಹಿಗಳು ಮತ್ತು ರಾತ್ರಿಯ ಪ್ರೈಮ್‌ಟೈಮ್ ಧಾರಾವಾಹಿಗಳ ಬಗ್ಗೆ ಓದುಗರು ಕಳಿಸಿದ ಪ್ರಶ್ನೆಗಳಿಗೆ ಈ ಸಲದ ಅಂಕಣದಲ್ಲಿ ಉತ್ತರಿಸಿದ್ದೇವೆ.

ಪ್ರಶ್ನೆ: ಎರಡರಲ್ಲೂ ಅದೇ ಮದುವೆ, ಅದೇ ಮೋಸ, ಅದೇ ಆಸ್ತಿ ಜಗಳ. ಪ್ರಸಾರದ ಹೊತ್ತು ಬಿಟ್ಟರೆ ಬೇರೆ ವ್ಯತ್ಯಾಸ ಏನಿದೆ?

ಉತ್ತರ: ವಸ್ತು ಒಂದೇ ಇರಬಹುದು, ಹೇಳುವ ರೀತಿ ಬೇರೆ. ಲೆಕ್ಕ ನೋಡಿ. ಟೆಕ್ಸಾಸ್‌ನ ಎಣ್ಣೆ ಕುಟುಂಬವೊಂದರ ಕಥೆ ಹೇಳಿದ ಪ್ರೈಮ್‌ಟೈಮ್ ಸೀರಿಯಲ್ ‘ಡಲ್ಲಾಸ್’ 1978ರಿಂದ 1991ರವರೆಗೆ ನಡೆಯಿತು, ಒಟ್ಟು 357 ಕಂತು. ಹಗಲಿನ ಸೀರಿಯಲ್ ವಾರಕ್ಕೆ ಐದರಂತೆ ವರ್ಷಕ್ಕೆ ಸುಮಾರು 250 ಕಂತು ಮಾಡುತ್ತದೆ. ಡಲ್ಲಾಸ್ ಹದಿಮೂರು ವರ್ಷ ನಡೆಸಿದ್ದು ಹಗಲಿನವರಿಗೆ ಒಂದೂವರೆ ವರ್ಷಕ್ಕೂ ಸಾಲುವುದಿಲ್ಲ.

ಮಿಕ್ಕ ವ್ಯತ್ಯಾಸಗಳೆಲ್ಲ ಈ ಲೆಕ್ಕದಿಂದಲೇ ಹುಟ್ಟುತ್ತವೆ. ಡಲ್ಲಾಸ್‌ನಂಥ ಪ್ರೈಮ್‌ಟೈಮ್ ಸೀರಿಯಲ್‌ಗಳ ಒಂದು ಗಂಟೆಯ ಕಂತಿಗೆ ಏಳೆಂಟು ದಿನ ಶೂಟಿಂಗ್ ಇರುತ್ತಿತ್ತು. ಒಂದೇ ಕ್ಯಾಮೆರಾ, ಫಿಲ್ಮ್, ಹೊರಾಂಗಣ. ಹಾಗಾಗಿ ರಾಂಚು, ಕಾರು, ಎಣ್ಣೆಬಾವಿ ಎಲ್ಲ ತೋರಿಸಬಹುದಿತ್ತು. ಹಗಲಿನವರು ಸ್ಟುಡಿಯೊ ಒಳಗೇ ಮೂರ್ನಾಲ್ಕು ಕ್ಯಾಮೆರಾ ಇಟ್ಟುಕೊಂಡು ದಿನಕ್ಕೆ ಒಂದು ಕಂತು ಮುಗಿಸಬೇಕು, ಈಗೀಗ ಒಂದಕ್ಕಿಂತ ಹೆಚ್ಚು. ಅಲ್ಲಿ ಉಳಿಯುವುದು ಒಂದು ಕೋಣೆ, ಇಬ್ಬರು ಮನುಷ್ಯರು, ಅವರ ಮಾತು.

ಪ್ರೈಮ್‌ಟೈಮ್ ಘಟನೆಯ ಮೇಲೆ ನಿಂತಿದೆ, ಹಗಲಿನದು ಘಟನೆಯ ನಂತರದ ದಿನಗಳ ಮೇಲೆ. ಗುಂಡು ಹಾರುವುದು ಒಂದೇ ಕ್ಷಣದ ಕೆಲಸ. ಅದನ್ನು ತಾಯಿ ಕೇಳುವುದು, ಹೆಂಡತಿ ಕೇಳುವುದು, ವೈರಿ ಕೇಳುವುದು, ಕೇಳಿದ ಮೇಲೆ ಒಬ್ಬರ ಮುಖ ಒಬ್ಬರು ನೋಡುವುದು ಹಗಲಿನ ಸೀರಿಯಲ್‌ನ ನಿಜವಾದ ಕಥೆ. ಇದನ್ನು ‘ಎಳೆಯುವುದು’ ಎಂದು ಹೀಗಳೆಯುವವರಿದ್ದಾರೆ. ನಮಗಂತೂ ಅದೇ ಈ ಪ್ರಕಾರದ ಜೀವ ಅನ್ನಿಸುತ್ತದೆ.

ಘಟನೆ ದೊಡ್ಡದಿದ್ದು ಅದರ ನಂತರದ ದಿನಗಳೇ ಇಲ್ಲದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ‘ಡೈನಾಸ್ಟಿ’ ಎಂಬ ಪ್ರೈಮ್‌ಟೈಮ್ ಸೀರಿಯಲ್ ಇದೆ. 1985ರ ಮೇ ತಿಂಗಳಲ್ಲಿ ಸೀಸನ್ನಿನ ಕೊನೆಯ ಕಂತು. ಮೊಲ್ಡೇವಿಯಾ ಎಂಬ ಕಾಲ್ಪನಿಕ ರಾಜ್ಯದಲ್ಲಿ ಮದುವೆ ನಡೆಯುತ್ತಿದ್ದಾಗ ಬಂದೂಕುಧಾರಿಗಳು ನುಗ್ಗಿದರು, ಮುಖ್ಯ ಪಾತ್ರಗಳೆಲ್ಲ ನೆಲಕ್ಕೆ ಬಿದ್ದವು. ನೋಡುಗರು ಬೇಸಿಗೆಯಿಡೀ ಕಾದರು. ಹೊಸ ಸೀಸನ್ ಶುರುವಾದಾಗ ಸತ್ತವರು ಇಬ್ಬರೇ, ಇಬ್ಬರೂ ಸಣ್ಣ ಪಾತ್ರಗಳು. ಅಷ್ಟು ದೊಡ್ಡ ದೃಶ್ಯಕ್ಕೆ ತಕ್ಕ ದುಃಖವೂ ಇಲ್ಲ, ಬದಲಾವಣೆಯೂ ಇಲ್ಲ. ಮುಂದಿನ ಸಲ ಬಂದೂಕು ಕಂಡರೆ ನೋಡುಗ ಯಾಕೆ ಹೆದರಬೇಕು?

ಪ್ರಶ್ನೆ: ದಿನಾ ಒಂದು ಕಂತು ಬರೆಯುವವರು ಯಾರು? ಒಬ್ಬರಿಂದ ಸಾಧ್ಯವೇ?

ಉತ್ತರ: ಸಾಧ್ಯವಿಲ್ಲ. ಮೇಲೆ ಒಬ್ಬ ಮುಖ್ಯ ಕಥೆಗಾರ ಇರುತ್ತಾರೆ. ಮುಂದಿನ ಆರು ತಿಂಗಳಿಗೋ ಒಂದು ವರ್ಷಕ್ಕೋ ಕಥೆ ಹೇಗೆ ಸಾಗಬೇಕು ಎಂಬ ದೊಡ್ಡ ಟಿಪ್ಪಣಿ ಬರೆದು ಚಾನೆಲ್‌ನಿಂದ ಒಪ್ಪಿಗೆ ಪಡೆಯುವುದು ಅವರ ಹೊಣೆ. ಅದನ್ನು ವಾರವಾರಕ್ಕೆ ಒಡೆದು ಕಂತಿಗೊಂದು ಹಂದರ ಮಾಡುವವರು ಬೇರೆ. ಯಾವ ದೃಶ್ಯ, ಯಾವ ಸೆಟ್, ಯಾರು ಬರುತ್ತಾರೆ, ಜಾಹೀರಾತಿಗೆ ಮುಂಚೆ ಎಲ್ಲಿ ನಿಲ್ಲಿಸಬೇಕು ಎಲ್ಲ ಅದರಲ್ಲಿರುತ್ತದೆ. ಆ ಹಂದರಕ್ಕೆ ಮಾತು ತುಂಬುವವರು ಇನ್ನೊಬ್ಬರು. ಐದು ಕಂತಿನ ಸಂಭಾಷಣೆ ಐದು ಜನರದ್ದಾಗಬಹುದು. ಸೋಮವಾರ ಒಂದು ಥರ ಮಾತನಾಡಿದ ಪಾತ್ರ ಬುಧವಾರ ಇನ್ನೊಂದು ಥರ ಮಾತನಾಡಬಾರದಲ್ಲ, ಅದನ್ನು ಸರಿಮಾಡಲು ಸ್ಕ್ರಿಪ್ಟ್ ಸಂಪಾದಕರಿದ್ದಾರೆ.

ಒಂದು ಗಂಟೆಯ ಕಂತಿನಲ್ಲಿ ಜಾಹೀರಾತು ಕಳೆದರೆ ಕಥೆಗೆ ಸಿಗುವುದು 40 ನಿಮಿಷದೊಳಗೆ. ಅದನ್ನು ಆರೇಳು ತುಂಡು ಮಾಡಿ ಮೂರು ಕಥೆಗಳನ್ನು ಹೆಣೆಯುತ್ತಾರೆ. ಮುಖ್ಯ ಕಥೆಗೆ ಹೆಚ್ಚುಕಡಿಮೆ ಅರ್ಧ ಪಾಲು. ಸ್ಟುಡಿಯೊದಲ್ಲಿ ಒಮ್ಮೆಗೆ ಹಾಕಬಹುದಾದ ಸೆಟ್‌ಗಳಿಗೆ ಮಿತಿಯಿದೆ. ‘ಈಕೆ ಯಾಕೆ ಯಾವಾಗಲೂ ಅದೇ ಹೋಟೆಲಿಗೆ ಬರುತ್ತಾಳೆ’ ಎಂದು ಕೇಳಿದರೆ, ಆ ದಿನ ಹಾಕಿದ್ದ ಸೆಟ್ ಅದು.

ನಟರ ಕರಾರಿನ ಒತ್ತಡವೂ ಇದೆ. ಕರಾರಿನ ನಟನಿಗೆ ವಾರಕ್ಕೆ ಇಂತಿಷ್ಟು ಕಂತು ಎಂಬ ಖಾತರಿ ಇರುತ್ತದೆ, ಕಾಣಿಸಿದರೂ ಕಾಣಿಸದಿದ್ದರೂ ಆ ದುಡ್ಡು ಕೊಡಬೇಕು. ಕಥೆ ಇಲ್ಲದ ಪಾತ್ರ ಯಾರದೋ ಮಾತು ಕೇಳುತ್ತಾ ಕಾಫಿ ಕುಡಿಯುತ್ತಾ ಕೂತಿರುವುದು ಇದಕ್ಕೇ. ಕರಾರನ್ನು 13 ವಾರಕ್ಕೊಮ್ಮೆ ಮುಂದುವರಿಸುವ ಅಥವಾ ಕೈಬಿಡುವ ಹಕ್ಕು ನಿರ್ಮಾಪಕರಿಗೆ ಇರುವುದರಿಂದ, ಪಾತ್ರವೊಂದು ಏಕಾಏಕಿ ಊರು ಬಿಡುವುದೂ ಉಂಟು.

ಫೆಬ್ರುವರಿ, ಮೇ, ಜುಲೈ, ನವೆಂಬರ್‌ಗಳಲ್ಲಿ ರೇಟಿಂಗ್ ವಿವರವಾಗಿ ಅಳೆಯುತ್ತಿದ್ದರು, ಜಾಹೀರಾತಿನ ದರ ಅದರ ಮೇಲೆಯೇ. ದೊಡ್ಡ ಮದುವೆ, ಬೆಂಕಿ ಅನಾಹುತ, ಕೊಲೆ ಈ ತಿಂಗಳುಗಳಿಗೆ ಬೀಳುವಂತೆ ಹಿಂದಿನಿಂದ ಲೆಕ್ಕಹಾಕಿ ಕಥೆ ಕಟ್ಟುವುದು ರೂಢಿ. ಹಗಲಿನ ಸೀರಿಯಲ್ ‘ಜನರಲ್ ಹಾಸ್ಪಿಟಲ್’ನಲ್ಲಿ ಲ್ಯೂಕ್ ಮತ್ತು ಲಾರಾ ಮದುವೆ ಪ್ರಸಾರವಾದದ್ದು 1981ರ ನವೆಂಬರ್ 16 ಮತ್ತು 17ರಂದು. ಸುಮಾರು 3 ಕೋಟಿ ಜನ ನೋಡಿದರು.

ಪ್ರಶ್ನೆ: ಮಗು ಯಾರದ್ದು ಎಂಬ ಒಂದೇ ಗುಟ್ಟನ್ನು ತಿಂಗಳುಗಟ್ಟಲೆ ಹೇಗೆ ಹಿಡಿದಿಡುತ್ತಾರೆ? ಕೆಲವೊಮ್ಮೆ ಕುತೂಹಲ, ಕೆಲವೊಮ್ಮೆ ಸಿಟ್ಟು ಬರುವುದು ಯಾಕೆ?

ಉತ್ತರ: ಗುಟ್ಟಿನ ಬೆಲೆ ಅದು ಬಯಲಾಗುವ ದಿನದಲ್ಲಿಲ್ಲ. ಯಾರಿಗೆ ಯಾವ ಕ್ರಮದಲ್ಲಿ ಗೊತ್ತಾಗುತ್ತದೆ ಎನ್ನುವುದರಲ್ಲಿದೆ.

ಆರು ಜನರ ಕಥೆ ಎಂದಿಟ್ಟುಕೊಳ್ಳಿ: ತಾಯಿ, ಅವಳ ಅಕ್ಕ, ವೈದ್ಯ, ತಾಯಿಯ ಗಂಡ, ಮಗುವಿನ ನಿಜವಾದ ತಂದೆ, ಆ ತಂದೆಯ ಹೆಂಡತಿ. ಮೊದಲು ತಾಯಿಗೆ ಮತ್ತು ನೋಡುಗರಿಗೆ ಮಾತ್ರ ಗೊತ್ತು. ಆಮೇಲೆ ವೈದ್ಯನಿಗೆ. ಅವನು ಬಾಯಿಬಿಡುವ ಹಾಗಿಲ್ಲ, ಅದೇ ಅವನ ಸಂಕಟ. ನಂತರ ಅಕ್ಕನಿಗೆ. ಅವಳಿಗೆ ತಂಗಿಯ ಮೇಲೆ ಪ್ರೀತಿ, ತಂಗಿಯ ಗಂಡನ ಮೇಲೂ ಗೌರವ. ಹೀಗೆ ಹೊಸದಾಗಿ ತಿಳಿದುಕೊಂಡ ಪ್ರತಿಯೊಬ್ಬರಿಗೂ ಆ ಗುಟ್ಟಿನಿಂದ ಏನೋ ಬೇಕಾಗಿರಬೇಕು, ಇಲ್ಲವೇ ಏನೋ ಕಳೆದುಹೋಗುವಂತಿರಬೇಕು. ಸುಮ್ಮನೆ ತಿಳಿದುಕೊಂಡವನು ಕಥೆಗೆ ಭಾರ. ಯಾರಿಗೆ ಅತಿ ಹೆಚ್ಚು ನೋವಾಗುತ್ತದೋ ಅವರಿಗೆ ಕೊನೆಗೆ ತಿಳಿಯಬೇಕು. ಆಗ ಅವರು ‘ನಿನಗೆ ಗೊತ್ತಿತ್ತಾ?’ ಎಂದು ಕೇಳಬೇಕಾದ ಜನ ಸಾಲಾಗಿ ನಿಂತಿರುತ್ತಾರೆ. ಒಬ್ಬೊಬ್ಬರ ಜತೆ ಒಂದೊಂದು ದೃಶ್ಯ, ಒಂದೊಂದರಲ್ಲೂ ಬೇರೆ ನೋವು.

ಸಿಟ್ಟು ಬರುವುದು ಮುಚ್ಚಿಡಲು ಕಾರಣವೇ ಇಲ್ಲದಾಗ. ‘ಹೇಳಿಬಿಟ್ಟರೆ ಏನಾಗುತ್ತಿತ್ತು’ ಎಂದು ನೋಡುಗ ಕೇಳಿಕೊಂಡ ದಿನ ಆ ಕಥೆ ಮುಗಿಯಿತು. ಹೇಳಲು ಬಾಯಿ ತೆರೆಯುತ್ತಿದ್ದಂತೆ ಫೋನ್ ಬರುವುದನ್ನು ಒಂದು ಸಲ ಸಹಿಸಬಹುದು, ಮೂರನೆಯ ಸಲ ಆಗುವುದಿಲ್ಲ. ಬಾಗಿಲ ಮರೆಯಲ್ಲಿ ಕದ್ದು ಕೇಳುವುದೂ ಅಷ್ಟೆ, ಒಂದು ಕಥೆಗೆ ಒಮ್ಮೆ ಸಾಕು. ಇನ್ನೊಂದು ತಪ್ಪು, ಮದುವೆ ಮಂಟಪದಲ್ಲಿ ಎಲ್ಲರೆದುರು ಒಟ್ಟಿಗೇ ಬಯಲು ಮಾಡಿ ಮರುವಾರವೇ ಹೊಸ ಕಥೆಗೆ ಹೋಗುವುದು. ಆರು ತಿಂಗಳು ಕೂಡಿಟ್ಟಿದ್ದನ್ನು ಒಂದು ಕಂತಿನಲ್ಲಿ ಖರ್ಚು ಮಾಡಿದಂತೆ. ಬಯಲಾದ ಮೇಲೆ ಕನಿಷ್ಠ ಎರಡು ಮೂರು ವಾರವಾದರೂ ಅದರ ಬಿಸಿ ಇರಬೇಕು.

ನೋಡುಗರಿಂದಲೂ ಮುಚ್ಚಿಟ್ಟು ಗೆದ್ದದ್ದಿದೆ. ಬರಹಗಾರ್ತಿ ಆಗ್ನೆಸ್ ನಿಕ್ಸನ್ 1968ರಲ್ಲಿ ಹಗಲಿನ ಸೀರಿಯಲ್ ‘ಒನ್ ಲೈಫ್ ಟು ಲಿವ್’ ಶುರುಮಾಡಿದಾಗ ಕಾರ್ಲಾ ಎಂಬ ಯುವತಿಯನ್ನು ತಂದರು. ಆಕೆ ಬಿಳಿಯಳು ಎಂದೇ ನೋಡುಗರು ತಿಂಗಳುಗಟ್ಟಲೆ ನಂಬಿದ್ದರು. ಒಂದು ದಿನ ಆಕೆ ಕಪ್ಪು ಮಹಿಳೆ ಸೇಡಿ ಗ್ರೇಯನ್ನು ‘ಅಮ್ಮಾ’ ಎಂದು ಕರೆದಳು. ಅಷ್ಟು ದಿನ ಆಕೆಯನ್ನು ಹತ್ತಿರದವಳೆಂದು ನೋಡಿದ್ದ ಬಿಳಿಯ ನೋಡುಗರಿಗೆ ತಮ್ಮ ಮನಸ್ಸನ್ನೇ ಪರೀಕ್ಷಿಸಿಕೊಳ್ಳಬೇಕಾಯಿತು. ಇಲ್ಲಿ ಅಚ್ಚರಿಗೆ ಒಂದು ಉದ್ದೇಶವಿತ್ತು.

ಪ್ರಶ್ನೆ: ಹಗಲಿನ ಸೀರಿಯಲ್‌ನಲ್ಲಿ ಅದೇ ವಿಷಯವನ್ನು ಮತ್ತೆ ಮತ್ತೆ ಹೇಳುತ್ತಾರಲ್ಲ?

ಉತ್ತರ: ದಿನಾ ನೋಡುವವರು ಕಡಿಮೆ, ವಾರಕ್ಕೆ ಎರಡು ಮೂರು ದಿನ ನೋಡುವವರೇ ಹೆಚ್ಚು ಎಂದು ಎಣಿಸಿ ಬರೆಯುವ ಪದ್ಧತಿ ಇದು. ಶುಕ್ರವಾರ ತಿರುವು, ಸೋಮವಾರ ಅದರ ಫಲ, ಮಂಗಳವಾರ ಸುದ್ದಿ ಹರಡುತ್ತದೆ, ಬುಧವಾರ ಬೇರೆ ಕಥೆಗಳಿಗೆ ಜಾಗ, ಗುರುವಾರ ಮತ್ತೆ ಬಿಗಿ. ಕಥೆಯೊಳಗಿನ ಒಂದೇ ದಿನ ಮೂರ್ನಾಲ್ಕು ಕಂತು ನಡೆಯುವುದೂ ಮಾಮೂಲು. ಒಳ್ಳೆಯ ಬರಹಗಾರ ವಿಷಯವನ್ನು ಮತ್ತೆ ಹೇಳಿಸಿದರೂ ಹೇಳುವ ಮನುಷ್ಯನನ್ನು ಬದಲಿಸುತ್ತಾನೆ. ಅದೇ ಸುದ್ದಿ ಅತ್ತೆಯ ಬಾಯಲ್ಲಿ ಬೇರೆ ಅರ್ಥ ಕೊಡಬೇಕು. ಕೊಡದಿದ್ದರೆ ಅದು ಬರೀ ಪುನರಾವರ್ತನೆ.

ಪ್ರಶ್ನೆ: ಡಲ್ಲಾಸ್‌ನಲ್ಲಿ ಇಡೀ ಒಂದು ಸೀಸನ್ ಕನಸು ಎಂದರಂತೆ. ನಿಜವೇ?

ಉತ್ತರ: ನಿಜ. 1985ರ ಮೇ ತಿಂಗಳಲ್ಲಿ ಕುಟುಂಬದ ಕಿರಿಯ ಮಗ ಬಾಬಿ ಯೂಯಿಂಗ್ ಸತ್ತ, ಪಾತ್ರ ಮಾಡುತ್ತಿದ್ದ ಪ್ಯಾಟ್ರಿಕ್ ಡಫಿ ಹೊರಹೋಗಿದ್ದರು. ಅವರು ವಾಪಸ್ ಬರಲು ಒಪ್ಪಿದಾಗ, ವರ್ಷ ಕಳೆದು ಬಾಬಿಯ ಮಾಜಿ ಹೆಂಡತಿ ಪ್ಯಾಮ್ ಎದ್ದು ನೋಡುತ್ತಾಳೆ, ಬಾಬಿ ಸ್ನಾನ ಮಾಡುತ್ತಿದ್ದಾನೆ. ನಡುವಿನದೆಲ್ಲ ಅವಳ ಕನಸು.

ಬಾಬಿ ಬದುಕಿ ಬಂದದ್ದರಿಂದ ಅಷ್ಟು ನಷ್ಟವಾಗಲಿಲ್ಲ. ಉಳಿದವರೆಲ್ಲ ಆ ವರ್ಷ ಪಟ್ಟ ಪಾಡು, ಕಲಿತ ಪಾಠ, ಬದಲಾದ ಸಂಬಂಧ ಅಳಿಸಿಹೋಯಿತಲ್ಲ, ನಷ್ಟವೆಂದರೆ ಅದು. ಅದೇ ಕುಟುಂಬದ ಇನ್ನೊಬ್ಬ ಮಗ ಗ್ಯಾರಿಯ ಕಥೆ ಹೇಳುತ್ತಿದ್ದ ‘ನಾಟ್ಸ್ ಲ್ಯಾಂಡಿಂಗ್’ನಲ್ಲಿ ಆಗಲೇ ತಮ್ಮನ ಸಾವಿಗೆ ಗ್ಯಾರಿ ಅತ್ತಾಗಿತ್ತು. ಆ ಸೀರಿಯಲ್‌ನವರು ಕನಸನ್ನು ತಮ್ಮ ಕಥೆಗೆ ತರಲಿಲ್ಲ, ತಮ್ಮ ದಾರಿಯಲ್ಲೇ 1993ರವರೆಗೆ ನಡೆದರು. ಅವರದೇ ಸರಿಯಾದ ತೀರ್ಮಾನ.

ಡಲ್ಲಾಸ್ ಕಾಯಿಸುವ ಕಲೆಯಲ್ಲಿ ಗೆದ್ದದ್ದೂ ಇದೆ. 1980ರ ಮಾರ್ಚ್ 21ರಂದು ಬಾಬಿಯ ದೊಡ್ಡಣ್ಣ ಜೆ.ಆರ್.ಗೆ ಗುಂಡು ಬಿತ್ತು. ನಟರ ಮುಷ್ಕರದಿಂದ ಹೊಸ ಸೀಸನ್ ತಡವಾಗಿ, ನಾದಿನಿ ಕ್ರಿಸ್ಟಿನ್ ಹೊಡೆದವಳೆಂದು ತಿಳಿದದ್ದು ನವೆಂಬರ್ 21ಕ್ಕೆ. ಅಮೆರಿಕದಲ್ಲೇ ಅಂದಾಜು 8.3 ಕೋಟಿ ಜನ ನೋಡಿದರು. ಕೊಲ್ಲಬೇಕೆಂಬ ಸಿಟ್ಟು ಬಹಳ ಜನರಿಗಿದೆ ಎಂದು ಮೊದಲೇ ಕಂತುಗಟ್ಟಲೆ ತೋರಿಸಿದ್ದರಿಂದ ಆ ಪ್ರಶ್ನೆಗೆ ಅಷ್ಟು ಬಲ ಬಂತು.

ಪ್ರಶ್ನೆ: ಮಕ್ಕಳು ದಿಢೀರನೆ ದೊಡ್ಡವರಾಗುತ್ತಾರೆ, ನಟರು ಬದಲಾಗುತ್ತಾರೆ. ಜನ ಹೇಗೆ ಒಪ್ಪುತ್ತಾರೆ?

ಉತ್ತರ: ಕೂಸಿಗೆ ಕಥೆ ಇಲ್ಲ, ಹದಿಹರೆಯದವರಿಗೆ ಇದೆ, ಅಷ್ಟೆ. ‘ಆ್ಯಸ್ ದ ವರ್ಲ್ಡ್ ಟರ್ನ್ಸ್’ನಲ್ಲಿ 1961ರಲ್ಲಿ ಹುಟ್ಟಿದ ಟಾಮ್ ಹ್ಯೂಸ್ ಆ ದಶಕ ಮುಗಿಯುವಷ್ಟರಲ್ಲಿ ಕಾಲೇಜು ಮುಟ್ಟಿದ್ದ. ನಟ ಬದಲಾದರೆ ಕಂತಿನ ಆರಂಭದಲ್ಲಿ ಒಂದು ದನಿ ತಿಳಿಸುತ್ತದೆ. ಹೊಸ ಮುಖಕ್ಕೆ ಹಳೆಯ ಪಾತ್ರದ ನೆನಪುಗಳನ್ನು ಕೊಟ್ಟು, ಹಳೆಯ ವೈರಿಯ ಎದುರು ಮೊದಲ ವಾರದಲ್ಲೇ ನಿಲ್ಲಿಸಿದರೆ ಜನ ಬೇಗ ಒಪ್ಪುತ್ತಾರೆ.

ಪ್ರಶ್ನೆ: ಹಗಲಿನ ಸೀರಿಯಲ್‌ನ ಶಕ್ತಿ ತೋರಿಸುವ ಒಂದು ಕಥೆ ಹೇಳಿ.

ಉತ್ತರ: 1994ರ ‘ಜನರಲ್ ಹಾಸ್ಪಿಟಲ್’, ಮುಖ್ಯ ಕಥೆಗಾರ್ತಿ ಕ್ಲೇರ್ ಲ್ಯಾಬಿನ್. ವೈದ್ಯ ಟೋನಿ ಜೋನ್ಸ್ ಮತ್ತು ನರ್ಸ್ ಬಾಬಿಯ ಮಗಳು ಬಿ.ಜೆ. ಸ್ಕೂಲ್ ಬಸ್ ಅಪಘಾತದಲ್ಲಿ ಮೆದುಳು ಸತ್ತ ಸ್ಥಿತಿಗೆ ಹೋಗುತ್ತಾಳೆ. ಟೋನಿಯ ತಮ್ಮನ ಮಗಳು ಮ್ಯಾಕ್ಸಿ ಅದೇ ಹೊತ್ತಿಗೆ ಹೃದಯಕ್ಕಾಗಿ ಕಾಯುತ್ತಿದ್ದಾಳೆ. ಅಪ್ಪ ಅಮ್ಮ ಮಗಳ ಹೃದಯ ಕೊಡಲು ಒಪ್ಪುತ್ತಾರೆ.

ಅಪಘಾತವನ್ನು ದೊಡ್ಡ ದೃಶ್ಯ ಮಾಡಿಲ್ಲ. ತೂಕವೆಲ್ಲ ಸುದ್ದಿ ಒಬ್ಬರಿಂದೊಬ್ಬರಿಗೆ ಹೋಗುವುದರಲ್ಲಿದೆ. ಹೃದಯ ಸಿಕ್ಕಿತೆಂದು ಹಿಗ್ಗಿದ ಮ್ಯಾಕ್ಸಿಯ ತಾಯಿ ಫೆಲಿಷಿಯಾಗೆ ಅದು ಯಾರ ಹೃದಯ ಎಂದು ತಿಳಿಯಬೇಕು. ಕೊನೆಗೆ ಟೋನಿ ಮಲಗಿರುವ ಮ್ಯಾಕ್ಸಿಯ ಹತ್ತಿರ ಹೋಗಿ ಅವಳ ಎದೆಯ ಮೇಲೆ ತಲೆಯಿಟ್ಟು ಮಗಳ ಎದೆಬಡಿತ ಕೇಳುತ್ತಾನೆ. ವರ್ಷಗಟ್ಟಲೆ ಈ ಮನೆಯವರನ್ನು ದಿನಾ ನೋಡಿದ್ದವರಿಗೆ ಇದು ಎಂಥ ಪೆಟ್ಟು ಕೊಟ್ಟಿರಬಹುದು ಯೋಚಿಸಿ. ಮಗಳನ್ನೇ ನೋಡಿರದ ಹೊಸಬರಿಗೆ ಎರಡು ಗಂಟೆಯ ಸಿನಿಮಾದಲ್ಲಿ ಇಷ್ಟು ತಟ್ಟುವಂತೆ ಮಾಡುವುದು ಕಷ್ಟ.

ನೆನಪೇ ಇಲ್ಲಿ ಬಂಡವಾಳ. ‘ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್’ನಲ್ಲಿ ಕ್ಯಾಥರೀನ್ ಮತ್ತು ಜಿಲ್ ಹಗೆ ಎಪ್ಪತ್ತರ ದಶಕದಲ್ಲಿ ಒಬ್ಬ ಗಂಡಸಿಗಾಗಿ ಶುರುವಾಯಿತು. ಅವನು 1975ರಲ್ಲೇ ಸತ್ತ. ಕ್ಯಾಥರೀನ್ ಪಾತ್ರದ ಜೀನ್ ಕೂಪರ್ 2013ರಲ್ಲಿ ತೀರಿಕೊಳ್ಳುವವರೆಗೂ ಆ ಇಬ್ಬರ ಯಾವ ಮಾತಿನ ಹಿಂದೆಯೂ ಅವನ ನೆರಳಿತ್ತು.

ಪ್ರಶ್ನೆ: ಈಗ ಯಾವುವು ಉಳಿದಿವೆ? ಹೊಸಬರು ಎಲ್ಲಿಂದ ಶುರುಮಾಡಬೇಕು?

ಉತ್ತರ: ರೇಡಿಯೊದಲ್ಲಿ 1937ರಲ್ಲಿ ಹುಟ್ಟಿದ ‘ಗೈಡಿಂಗ್ ಲೈಟ್’ 2009ರಲ್ಲಿ ನಿಂತಿತು, ಮರುವರ್ಷ ‘ಆ್ಯಸ್ ದ ವರ್ಲ್ಡ್ ಟರ್ನ್ಸ್’. ‘ಜನರಲ್ ಹಾಸ್ಪಿಟಲ್’, ‘ದ ಯಂಗ್ ಆ್ಯಂಡ್ ದ ರೆಸ್ಟ್‌ಲೆಸ್’, ‘ದ ಬೋಲ್ಡ್ ಆ್ಯಂಡ್ ದ ಬ್ಯೂಟಿಫುಲ್’ ಟಿವಿಯಲ್ಲಿ ಉಳಿದಿವೆ. ‘ಡೇಸ್ ಆಫ್ ಅವರ್ ಲೈವ್ಸ್’ 2022ರ ಸೆಪ್ಟೆಂಬರ್‌ನಿಂದ ಪೀಕಾಕ್ ಆ್ಯಪ್‌ಗೆ ಹೋಗಿದೆ. 2025ರ ಫೆಬ್ರುವರಿ 24ರಂದು ಶುರುವಾದ ‘ಬಿಯಾಂಡ್ ದ ಗೇಟ್ಸ್’ ಹೊಸಬರಿಗೆ ಸುಲಭ, ಮೊದಲ ಕಂತಿನಿಂದಲೇ ಹಿಡಿಯಬಹುದು. ಹಳೆಯದಕ್ಕೆ ಕೈಹಾಕುವುದಾದರೆ ಸೋಮವಾರದಿಂದ ಶುರುಮಾಡಿ, ಒಂದೇ ಮನೆತನವನ್ನು ಹಿಂಬಾಲಿಸಿ, ಯಾರು ಯಾರಿಗೆ ಏನಾಗಬೇಕು ಎಂದು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಮೊದಲ ವಾರ ಯಾರು ಯಾರೆಂದು ತಲೆಗೆ ಹೋಗುವುದಿಲ್ಲ. ಹದಿನೈದು ಕಂತು, ಅಂದರೆ ಮೂರು ವಾರ ನೋಡಿ, ಆಮೇಲೆ ಬಿಡುವ ಮಾತು.